ಮನೆ ಕಟ್ಟಿಕೊಟ್ಟರೂ ರೊಕ್ಕ ಬಂದಿಲ್ವಾ? ಗುತ್ತೇದಾರರು, ಅಂಗಡಿಯವರು ಏನು ಮಾಡಬಹುದು: ಇಲ್ಲಿದೆ ಪೂರ್ತಿ ಮಾಹಿತಿ

ರಾಯಚೂರು: ಗೃಹಪ್ರವೇಶ ಮುಗಿದಿದೆ. ಗೌಂಡಿಗೆ, ಬಡಿಗೇರನಿಗೆ ಆಯೇರಿ ಮಾಡಿ, ಹೋಳಿಗೆ ಊಟ ಹಾಕಿ ಕಳಿಸಿದ್ದಾರೆ. ಕೊನೆ ಬಿಲ್ಲಿನ ರೊಕ್ಕ ಮಾತ್ರ ಬಂದಿಲ್ಲ. ‘ಹತ್ತಿ ಮಾರಿದ ಮ್ಯಾಲೆ ಕೊಡ್ತೀನಿ’, ‘ಬ್ಯಾಂಕಿನ ಕೊನೆ ಕಂತು ಬರಲಿ’, ‘ಬಾತ್‌ರೂಮ್ ಸೋರಾಕತ್ತೈತಿ, ಅದನ್ನ ಮೊದಲ ರಿಪೇರಿ ಮಾಡು’. ರಾಯಚೂರು ನಗರ ಇರಲಿ, ದೇವದುರ್ಗ, ಮಾನ್ವಿ ಇರಲಿ, ಸಣ್ಣ ಗುತ್ತೇದಾರರು ಕೇಳಿ ಕೇಳಿ ಬೇಸತ್ತ ಮಾತುಗಳಿವು.

ಈ ಕಡೆ ಗೌಂಡಿಗಳ ಕೂಲಿ, ಸೆಂಟ್ರಿಂಗ್ ಬಾಡಿಗೆ, ಸಿಮೆಂಟ್ ಅಂಗಡಿ ಉದ್ರಿ ಎಲ್ಲವೂ ಗುತ್ತೇದಾರನ ತಲೆ ಮೇಲೆ. ಆಗ ಬರುವ ಮೊದಲ ಪ್ರಶ್ನೆ ಒಂದೇ: ‘ನಾನು ಕಟ್ಟಿದ ಮನಿ ಮ್ಯಾಲೆ ನನಗ ಹಕ್ಕು ಇಲ್ಲೇನು? ನನ್ನ ಬಾಕಿ ತೀರೋತನಕ ಆ ಮನಿ ಮಾರದಂಗ ತಡೀಬಹುದಾ?’

ನೇರ ಉತ್ತರ: ಬರೇ ಕಟ್ಟಿದ್ದಕ್ಕೆ ಅಂಥ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ಆದರೆ ಕೆಲಸಕ್ಕೆ ಮೊದಲೇ ಬರೆಸಿಕೊಂಡರೆ ಆ ಹಕ್ಕನ್ನ ಮಾಡಿಕೊಳ್ಳಬಹುದು. ಬರೆಸಿಕೊಳ್ಳದೇ ಇದ್ದವರಿಗೂ ದಾರಿ ಇದೆ, ಆದರೆ ಅದಕ್ಕೆ ಗಡುವು ಇದೆ. ಒಂದೊಂದಾಗಿ ನೋಡೋಣ.

ಅಮೆರಿಕದಲ್ಲಿ ಇದೆ, ಇಲ್ಲಿ ಇಲ್ಲ

ಬ್ಯಾಂಕ್ ಖಾತೆಯಲ್ಲಿ ‘ಲೀನ್ ಹಾಕಿದ್ದಾರೆ’ ಅನ್ನೋ ಮಾತು ಹಲವರು ಕೇಳಿರುತ್ತಾರೆ. ಬಾಕಿ ತೀರುವವರೆಗೆ ಒಂದು ವಸ್ತು ಅಥವಾ ಹಣವನ್ನ ತಡೆಹಿಡಿಯುವ ಹಕ್ಕೇ ಲೀನ್.

ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕಟ್ಟಡ ಕೆಲಸದವರಿಗೆ ಆಸ್ತಿಯ ಮೇಲೆ ಲೀನ್ ಹಾಕುವ ಕಾನೂನು ಇದೆ. ಇದರ ಆರಂಭ 1791ರಲ್ಲಿ. ವಾಷಿಂಗ್ಟನ್ ರಾಜಧಾನಿ ಕಟ್ಟಬೇಕಿತ್ತು. ಕೂಲಿ ಸಿಗುತ್ತೋ ಇಲ್ಲವೋ ಅನ್ನೋ ಭಯ ಕೆಲಸಗಾರರಿಗೆ ಇರಬಾರದು ಅಂತ ಥಾಮಸ್ ಜೆಫರ್ಸನ್, ಜೇಮ್ಸ್ ಮ್ಯಾಡಿಸನ್ ಮುಂತಾದವರ ಒತ್ತಾಸೆಯಿಂದ ಮೇರಿಲ್ಯಾಂಡ್ ರಾಜ್ಯ ಆ ಕಾನೂನು ತಂದಿತು. ಅಲ್ಲಿ ಗುತ್ತೇದಾರ ಮಾತ್ರವಲ್ಲ, ಸಾಮಾನು ಕೊಟ್ಟ ಅಂಗಡಿಯವನೂ ದಾಖಲೆ ಕಚೇರಿಯಲ್ಲಿ ಲೀನ್ ನೋಂದಾಯಿಸಬಹುದು. ಬಾಕಿ ತೀರಿಸದೆ ಆ ಮನೆ ಮಾರೋದು ಕಷ್ಟ.

ಭಾರತದಲ್ಲಿ ಅಂಥ ಕಾನೂನು ಇಲ್ಲ. ನೀವು ಹಾಕಿದ ಇಟ್ಟಿಗೆ, ಉಸುಕು, ಕಬ್ಬಿಣ ಗೋಡೆ ಸೇರಿದ ಕೂಡಲೇ ಸ್ಥಿರಾಸ್ತಿಯ ಭಾಗವಾಗುತ್ತೆ. ಸ್ಥಿರಾಸ್ತಿ ಜಾಗದ ಮಾಲೀಕನದು. ಆಮೇಲೆ ನಿಮಗೆ ಉಳಿಯೋದು ಹಣ ಕೇಳುವ ಹಕ್ಕು ಮಾತ್ರ.

ಅದಕ್ಕೇ ‘ರೊಕ್ಕ ಕೊಡಲಿಲ್ಲ ಅಂತ ಬಾಗಿಲು ಕಿತ್ಕೊಂಡು ಬಂದೆ’, ‘ಮನೆಗೆ ಬೀಗ ಜಡಿದೆ’ ಅನ್ನೋ ಕೆಲಸಕ್ಕೆ ಕೈ ಹಾಕಬೇಡಿ. ಬಾಕಿ ನಿಜವೇ ಇದ್ದರೂ ಅತಿಕ್ರಮ ಪ್ರವೇಶ, ಕಳವು, ನಷ್ಟ ಮಾಡಿದ ಆರೋಪ ನಿಮ್ಮ ಮೇಲೇ ಬರಬಹುದು. ರೊಕ್ಕ ಕೇಳಲು ಹೋದವರೇ ಆರೋಪಿಯಾಗಿ ಠಾಣೆ ಅಲೆಯಬೇಕಾಗುತ್ತೆ.

ವಸ್ತು ನಿಮ್ಮ ಕೈಯಲ್ಲಿದ್ದರೆ ಹಿಡಿತವೂ ನಿಮ್ಮದೇ

ಸ್ಥಿರಾಸ್ತಿಗೆ ಇಲ್ಲದ ಲೀನ್ ಚರಾಸ್ತಿಗೆ ಇದೆ. ವೆಲ್ಡಿಂಗ್ ಅಂಗಡಿ, ಮೋಟಾರ್ ವೈಂಡಿಂಗ್ ಅಂಗಡಿ, ಬಡಿಗೇರರು, ಟೇಲರ್‌ಗಳು ಇದನ್ನ ತಿಳಿದಿರಲೇಬೇಕು.

1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಗಿರಾಕಿ ಕೊಟ್ಟ ವಸ್ತುವಿನ ಮೇಲೆ ನೀವು ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದ್ದರೆ, ಕೂಲಿ ಕೊಡುವವರೆಗೆ ಆ ವಸ್ತುವನ್ನ ನಿಮ್ಮಲ್ಲೇ ಇಟ್ಟುಕೊಳ್ಳಬಹುದು. ರೈತ ತಂದ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡಿದ್ದೀರಿ. ರೊಕ್ಕ ಕೊಡದೆ ಮೋಟಾರ್ ಕೇಳಿದರೆ ಕೊಡಬೇಕಿಲ್ಲ.

ಆದರೆ ಮೂರು ಮಿತಿ ಇವೆ:

• ಆ ಕೆಲಸದ ಬಿಲ್ಲಿಗೆ ಮಾತ್ರ ಈ ಹಕ್ಕು. ಹೋದ ವರ್ಷದ ಹಳೆ ಬಾಕಿಗಾಗಿ ಈಗಿನ ಮೋಟಾರ್ ಹಿಡಿದಿಡುವಂತಿಲ್ಲ.

• ಇಟ್ಟುಕೊಳ್ಳುವ ಹಕ್ಕು ಇದೆ, ಈ ಕಲಂ ಅಡಿ ಮಾರುವ ಹಕ್ಕು ಇಲ್ಲ.

• ‘ಮೂರು ತಿಂಗಳು ಬಿಟ್ಟು ಕೊಡು’ ಅಂತ ನೀವೇ ಉದ್ರಿ ಒಪ್ಪಿದ್ದರೆ ಹಿಡಿದಿಡುವಂತಿಲ್ಲ. ಕಾಯ್ದೆಯಲ್ಲೇ ಇದಕ್ಕೆ ಟೇಲರ್ ಉದಾಹರಣೆ ಇದೆ. ಕೋಟು ಹೊಲಿದ ಕೂಡಲೇ ಕೊಡ್ತೀನಿ, ಬೆಲೆಗೆ ಮೂರು ತಿಂಗಳ ಉದ್ರಿ ಅಂತ ಒಪ್ಪಿದ ಟೇಲರ್ ಕೋಟನ್ನ ತಡೆಹಿಡಿಯುವಂತಿಲ್ಲ.

ಮನೆ ಕೆಲಸದ ಬಡಿಗೇರರು, ವೆಲ್ಡಿಂಗ್‌ನವರು ಇದರಿಂದ ಒಂದು ಪಾಠ ಕಲಿಯಬಹುದು. ಮಾಲೀಕನೇ ಕಟ್ಟಿಗೆ ಕೊಟ್ಟು ಬಾಗಿಲು ಮಾಡಿಸಿದ್ದರೆ, ಬಾಗಿಲು ನಿಮ್ಮ ಅಂಗಡಿಯಲ್ಲಿ ಇರುವಾಗಲೇ ಕೂಲಿ ಕೇಳಿ. ಚೌಕಟ್ಟಿಗೆ ಕೂರಿಸಿದ ಮೇಲೆ ಈ ಹಿಡಿತ ಹೋಯಿತು.

ಸಿಮೆಂಟ್, ಕಬ್ಬಿಣ, ಟೈಲ್ಸ್ ಅಂಗಡಿಯವರಿಗೆ

ಮಾರಾಟಗಾರರಿಗೆ 1930ರ ಸರಕು ಮಾರಾಟ ಕಾಯ್ದೆ ಇದೆ. ಅದರ 47ನೇ ಕಲಂ ಪ್ರಕಾರ ಮೂರು ಸಂದರ್ಭದಲ್ಲಿ ಮಾಲು ತಡೆಹಿಡಿಯಬಹುದು: ಉದ್ರಿ ಮಾತು ಇಲ್ಲದೆ ಮಾರಿದಾಗ, ಉದ್ರಿ ಅವಧಿ ಮುಗಿದಾಗ, ಖರೀದಿದಾರ ದಿವಾಳಿಯಾದಾಗ. ಗೋದಾಮಿನಲ್ಲಿ ಮಾಲು ಇದ್ದರೆ, ನೋಟಿಸ್ ಕೊಟ್ಟು, ತಕ್ಕ ಸಮಯ ಕಾದು, ಆಮೇಲೂ ರೊಕ್ಕ ಬರದಿದ್ದರೆ ಬೇರೆಯವರಿಗೆ ಮಾರಲು 54ನೇ ಕಲಂ ಅವಕಾಶ ಕೊಡುತ್ತೆ. ಆದರೆ ಟ್ರ್ಯಾಕ್ಟರ್ ಹೋಗಿ ಮಾಲನ್ನ ಗಿರಾಕಿ ಕೈಗೆ ಇಳಿಸಿತೆಂದರೆ ಲೀನ್ ಮುಗೀತು.

ಅಂಗಡಿಯವರು ಹೆಚ್ಚು ಏಮಾರುವುದು ಬೇರೆ ಕಡೆ. ಗುತ್ತೇದಾರ ಬಂದು ‘ಇಂಥವರ ಮನೆ ಕೆಲಸ, ಮಾಲು ಕಳಿಸ್ರಿ’ ಅಂತಾನೆ. ಮಾಲೀಕ ದೊಡ್ಡ ಮನುಷ್ಯ ಅಂತ ಅಂಗಡಿಯವರು ಧೈರ್ಯದಿಂದ ಕಳಿಸ್ತಾರೆ. ನಾಳೆ ಗುತ್ತೇದಾರ ಕೈ ಎತ್ತಿದರೆ ಮಾಲೀಕ ಹೇಳೋದು ಇಷ್ಟೇ: ‘ನಾನು ಗುತ್ತೇದಾರಗ ಪೂರ್ತಿ ಕೊಟ್ಟೀನಿ, ಅವನ್ನ ಕೇಳ್ರಿ’.

ಕಾನೂನು ಸಾಮಾನ್ಯವಾಗಿ ಮಾಲೀಕನ ಪರ. ಕರಾರು ಯಾರ ನಡುವೆಯೋ ಹೊಣೆಯೂ ಅವರ ನಡುವೆಯೇ. ಮಾಲು ಯಾರ ಮನೆಗೆ ಹೋಯಿತು ಅನ್ನೋದಕ್ಕಿಂತ ಯಾರು ಖರೀದಿ ಮಾಡಿದರು, ಬಿಲ್ ಯಾರ ಹೆಸರಲ್ಲಿದೆ ಅನ್ನೋದು ಮುಖ್ಯ. ಆದ್ದರಿಂದ ದೊಡ್ಡ ಮೊತ್ತ ಇದ್ದರೆ ಮಾಲೀಕರ ಹೆಸರಿಗೇ ಬಿಲ್ ಮಾಡಿ. ಇಲ್ಲವೇ ‘ಗುತ್ತೇದಾರ ಕೊಡದಿದ್ದರೆ ನಾನು ಕೊಡುತ್ತೇನೆ’ ಅಂತ ಮಾಲೀಕರ ಸಹಿ ಇರುವ ಒಂದು ಚೀಟಿ ತಗೊಳ್ಳಿ. ಅದು ಕಾನೂನಿನಲ್ಲಿ ಜಾಮೀನು ಕರಾರು ಆಗುತ್ತೆ. ಡೆಲಿವರಿ ಚಲನ್ ಮೇಲೆ ಮಾಲು ಇಳಿಸಿಕೊಂಡವರ ಸಹಿ, ತಾರೀಕು ತಪ್ಪಿಸಬೇಡಿ.

ಆಸ್ತಿ ಮೇಲೆ ಹಕ್ಕು ಬೇಕಾದರೆ: ಅಡಮಾನ ಪತ್ರ

ಲೀನ್‌ಗೆ ಹತ್ತಿರವಾದ ದಾರಿ ಒಂದಿದೆ. ಕೆಲಸ ಶುರು ಮಾಡುವ ಮೊದಲೇ ಮಾಲೀಕರು ಒಪ್ಪಿ, ಬಾಕಿಗೆ ಭದ್ರತೆಯಾಗಿ ಆ ಜಾಗವನ್ನ ಅಥವಾ ಬೇರೆ ಆಸ್ತಿಯನ್ನ ಗುತ್ತೇದಾರರಿಗೆ ಅಡಮಾನ ಮಾಡಿಕೊಡುವುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 59ನೇ ಕಲಂ ಪ್ರಕಾರ ಇಂಥ ಪತ್ರಕ್ಕೆ ಮಾಲೀಕರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಬರೇ ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಅಡಮಾನ ಆಗಲ್ಲ.

ನೋಂದಣಿ ಆದರೆ ಅದು ಋಣಭಾರ ಪ್ರಮಾಣಪತ್ರದಲ್ಲಿ, ಅಂದ್ರೆ ಎಲ್ಲರೂ ಹೇಳುವ ಇಸಿಯಲ್ಲಿ ಬರುತ್ತೆ. ಹೊಲವಾಗಿದ್ದರೆ ಪಹಣಿಯ 11ನೇ ಕಾಲಂ ಋಣ ತೋರಿಸುವ ಜಾಗ. ಆಮೇಲೆ ಆ ಆಸ್ತಿ ಕೊಳ್ಳಲು ಬಂದವರಿಗೆ, ಸಾಲ ಕೊಡುವ ಬ್ಯಾಂಕಿಗೆ ನಿಮ್ಮ ಬಾಕಿ ಕಣ್ಣಿಗೆ ಬೀಳುತ್ತೆ. ಮಾಲೀಕ ಮಾರಿದರೂ ಅಡಮಾನದ ಹಕ್ಕು ಆಸ್ತಿಯ ಜೊತೆಗೇ ಹೋಗುತ್ತೆ.

ಗಮನಿಸಬೇಕಾದ ಮೂರು ಅಂಶ:

• ಮನೆಗೆ ಈಗಾಗಲೇ ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನ ಹಕ್ಕು ಮೊದಲು, ನಿಮ್ಮದು ಆಮೇಲೆ. ಸಹಿಗೆ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆಸಿ ನೋಡಿ.

• ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನ ಅಡಮಾನ ಮಾಡಿಸಿಕೊಂಡರೆ ಪತ್ರ ನಿಲ್ಲಲ್ಲ.

• ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಷ್ಟಾಗುತ್ತೆ ಅಂತ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ಯಾರು ಕಟ್ಟಬೇಕು ಅನ್ನೋದನ್ನ ಕರಾರಿನಲ್ಲೇ ಬರೆಯಿರಿ.

ಒಂದು ಸಣ್ಣ ಮನೆ ಕೆಲಸಕ್ಕೆ ಎಲ್ಲ ಮಾಲೀಕರೂ ಅಡಮಾನಕ್ಕೆ ಒಪ್ಪಲ್ಲ. ಆದರೆ ಕಾಂಪ್ಲೆಕ್ಸ್, ಕಲ್ಯಾಣ ಮಂಟಪ, ರೈಸ್ ಮಿಲ್ ಶೆಡ್‌ನಂಥ ದೊಡ್ಡ ಕೆಲಸಕ್ಕೆ ಕೇಳುವುದರಲ್ಲಿ ತಪ್ಪಿಲ್ಲ.

ಅಡಮಾನ ಆಗದಿದ್ದರೆ ಕರಾರಾದರೂ ಇರಲಿ

‘ನಮ್ಮವರೇ ಅದಾರ, ಪೇಪರ್ ಯಾಕ’ ಅನ್ನೋ ಮಾತಿನಿಂದಲೇ ಅರ್ಧ ಜಗಳ ಶುರುವಾಗೋದು. ಬಾಯಿ ಮಾತಿನ ಕರಾರಿಗೂ ಕಾನೂನಿನಲ್ಲಿ ಬೆಲೆ ಇದೆ, ಆದರೆ ಸಾಬೀತು ಮಾಡೋದು ಕಷ್ಟ. ಎರಡು ಪುಟದ ಕರಾರಿನಲ್ಲಿ ಇಷ್ಟು ಇದ್ದರೆ ಸಾಕು:

• ಚದರ ಅಡಿ ದರ, ಒಟ್ಟು ಅಳತೆ, ಯಾವ ಸಾಮಾನು ಯಾರು ತರಬೇಕು.

• ಹಂತ ಹಂತದ ಪಾವತಿ: ಪಾಯ, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್, ಫಿನಿಶಿಂಗ್. ಹಿಂದಿನ ಹಂತದ ರೊಕ್ಕ ಬಾರದೆ ಮುಂದಿನ ಹಂತ ಶುರುವಾಗಲ್ಲ ಅನ್ನೋ ಮಾತು.

• ಕೊನೆ ಹಂತಕ್ಕೆ ಸಣ್ಣ ಮೊತ್ತ ಮಾತ್ರ ಉಳಿಯುವ ಹಾಗೆ ಕಂತು. ಕೊನೆಗೆ ದೊಡ್ಡ ಗಂಟು ಉಳಿಸಿಕೊಂಡರೆ ಆಟ ಪೂರ್ತಿ ಮಾಲೀಕರ ಕೈಗೆ ಹೋಗುತ್ತೆ.

• ತಡವಾದರೆ ಬಡ್ಡಿ ಎಷ್ಟು.

• ಹೆಚ್ಚುವರಿ ಕೆಲಸಕ್ಕೆ ಬೇರೆ ಚೀಟಿ, ಅದಕ್ಕೆ ಮಾಲೀಕರ ಸಹಿ. ‘ಇಲ್ಲೊಂದು ಶೋಕೇಸ್ ಮಾಡು, ಅಲ್ಲೊಂದು ಮೆಟ್ಟಿಲು ಹಾಕು’ ಅಂತ ಬಾಯಲ್ಲಿ ಹೇಳಿಸಿಕೊಂಡ ಕೆಲಸಕ್ಕೇ ಕೊನೆಯಲ್ಲಿ ತಕರಾರು ಬರೋದು.

ವಾಟ್ಸಾಪ್ ಮೆಸೇಜು, ಫೋಟೊ, ಫೋನ್‌ಪೇ ದಾಖಲೆಗಳನ್ನೂ ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ನಿಗದಿತ ಪ್ರಮಾಣಪತ್ರದ ಜೊತೆ ಅವನ್ನ ಕೋರ್ಟಿಗೆ ಸಾಕ್ಷ್ಯವಾಗಿ ಕೊಡಬಹುದು. ಅದಕ್ಕೆ ಹಳೆ ಫೋನನ್ನೂ ಜೋಪಾನ ಮಾಡಿ.

ಕೆಲಸ ಮುಗಿದಿದೆ, ಪೇಪರ್ ಇಲ್ಲ: ಈಗೇನು?

ಮೊದಲು ತಾರೀಕು ನೋಡಿ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಪಾವತಿಗೆ ದಿನ ಗೊತ್ತು ಮಾಡದ ಕೆಲಸದ ಬಾಕಿಗೆ ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಉದ್ರಿ ಅವಧಿ ಗೊತ್ತು ಮಾಡದೆ ಮಾರಿದ ಮಾಲಿಗೆ, ಮಾಲು ಕೊಟ್ಟ ದಿನದಿಂದ 3 ವರ್ಷ. ಅವಧಿ ಗೊತ್ತು ಮಾಡಿದ್ದರೆ ಆ ಅವಧಿ ಮುಗಿದ ದಿನದಿಂದ 3 ವರ್ಷ.

ಮಾಲೀಕರು ‘ನಾಳೆ ಬಾ’ ಅಂತ ಬಾಯಲ್ಲಿ ಹೇಳಿದ್ದಕ್ಕೆ ಈ ಗಡಿಯಾರ ನಿಲ್ಲಲ್ಲ. ಎರಡು ಹಬ್ಬ, ಎರಡು ಸುಗ್ಗಿ ಕಳೆಯೋದರೊಳಗೆ 3 ವರ್ಷ ಹತ್ತಿರ ಬಂದಿರುತ್ತೆ. ಆದರೆ 3 ವರ್ಷ ಮುಗಿಯುವ ಮೊದಲೇ ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸದಾಗಿ 3 ವರ್ಷ ಶುರು. ಸ್ವಲ್ಪ ರೊಕ್ಕ ಕೊಟ್ಟು, ಕೊಟ್ಟದ್ದನ್ನ ತಮ್ಮ ಕೈಬರಹ ಅಥವಾ ಸಹಿಯಲ್ಲಿ ದಾಖಲಿಸಿದರೂ ಹಾಗೇ. ಅವಧಿ ಮುಗಿದೇ ಹೋಗಿದ್ದರೂ, ಆಮೇಲೆ ಮಾಲೀಕರು ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆ 25ನೇ ಕಲಂ ಅಡಿ ಅದು ಹೊಸ ಕರಾರು. ಆದ್ದರಿಂದ ರೊಕ್ಕ ಕೇಳಲು ಹೋದಾಗ ರೊಕ್ಕ ಸಿಗದಿದ್ದರೂ ಒಂದು ಸಹಿಯಾದರೂ ತಗೊಂಡು ಬನ್ನಿ.

ಪೇಪರ್ ಇಲ್ಲ ಅಂತ ಪೂರ್ತಿ ಕೈ ಚೆಲ್ಲಬೇಕಿಲ್ಲ. ಕರಾರು ಕಾಯ್ದೆಯ 70ನೇ ಕಲಂ ಹೇಳುವುದು ಇಷ್ಟು: ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ, ನ್ಯಾಯವಾಗಿ ಒಬ್ಬರು ಇನ್ನೊಬ್ಬರಿಗೆ ಕೆಲಸ ಮಾಡಿಕೊಟ್ಟು, ಅವರು ಅದರ ಲಾಭ ಪಡೆದಿದ್ದರೆ ಪರಿಹಾರ ಕೊಡಲೇಬೇಕು.

ಕೋರ್ಟಿಗೆ ಹೋದರೆ ಏನಾಗುತ್ತೆ?

ಮೊದಲ ಹೆಜ್ಜೆ ವಕೀಲರ ನೋಟಿಸ್, ಅಂಚೆಯಲ್ಲಿ. ಎಷ್ಟು ಕೆಲಸ, ಎಷ್ಟು ಬಂದಿದೆ, ಎಷ್ಟು ಬಾಕಿ ಅನ್ನೋ ಲೆಕ್ಕ ಅದರಲ್ಲಿ ಸ್ಪಷ್ಟವಾಗಿರಲಿ. ಎಷ್ಟೋ ಪ್ರಕರಣ ಈ ಹಂತದಲ್ಲೇ ಮಾತುಕತೆಗೆ ಬರುತ್ತವೆ.

ಬರದಿದ್ದರೆ ಹಣ ವಸೂಲಿ ದಾವೆ. ಪ್ರತಿವಾದಿ ಇರುವ ಊರಿನ ಅಥವಾ ಕೆಲಸ ನಡೆದ ಊರಿನ ಕೋರ್ಟಿನಲ್ಲಿ ಹಾಕಬಹುದು. ಲಿಖಿತ ಕರಾರು, ಪ್ರಾಮಿಸರಿ ನೋಟು ಅಥವಾ ಚೆಕ್ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ‘ಸಂಕ್ಷಿಪ್ತ ದಾವೆ’ ಹಾಕಬಹುದು. ಇದರಲ್ಲಿ ಪ್ರತಿವಾದಿ 10 ದಿನದೊಳಗೆ ಹಾಜರಿ ಹಾಕಬೇಕು, ವಾದ ಮಾಡಲು ಕೋರ್ಟಿನ ಅನುಮತಿ ಪಡೆಯಬೇಕು. ಸುಮ್ಮನೆ ಕಾಲ ತಳ್ಳಲು ಆಗಲ್ಲ.

ಬಾಕಿ 3 ಲಕ್ಷ ರೂ. ಅಥವಾ ಹೆಚ್ಚಿದ್ದು, ಅದು ಕಟ್ಟಡ ಗುತ್ತಿಗೆಯ ವಾಣಿಜ್ಯ ವ್ಯಾಜ್ಯವಾಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬರುತ್ತೆ. ಅಲ್ಲಿ ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಿಮ್ಮ ಪ್ರಕರಣ ಯಾವ ಸಾಲಿಗೆ ಬರುತ್ತೆ ಅನ್ನೋದನ್ನ ವಕೀಲರಿಂದ ಮೊದಲೇ ಖಚಿತ ಮಾಡಿಕೊಳ್ಳಿ.

‘ಕೇಸ್ ಹಾಕಿದ್ರ ಮನಿ ಮಾರಾಕ ಆಗಲ್ಲ’ ಅನ್ನೋದು ನಿಜವೇ?

ಇಲ್ಲ. ಬರೇ ಹಣದ ದಾವೆ ಹಾಕಿದ ಮಾತ್ರಕ್ಕೆ ಮನೆ ಮಾರಾಟ ನಿಲ್ಲಲ್ಲ. ಮಾಲೀಕ ಕೇಸಿನಿಂದ ತಪ್ಪಿಸಿಕೊಳ್ಳಲೆಂದೇ ಆಸ್ತಿ ಮಾರುತ್ತಿದ್ದಾನೆ ಅಂತ ಆಧಾರ ಸಮೇತ ತೋರಿಸಿದರೆ, 38ನೇ ಆದೇಶದ 5ನೇ ನಿಯಮದ ಅಡಿ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ಆದರೆ ಅದು ಸುಲಭವಾಗಿ ಸಿಗಲ್ಲ. ಭದ್ರತೆ ಇಲ್ಲದ ಬಾಕಿಯನ್ನ ಭದ್ರತೆ ಇರುವ ಬಾಕಿಯಾಗಿ ಮಾಡಿಕೊಳ್ಳಲು ಈ ನಿಯಮ ಇರುವುದಲ್ಲ ಅಂತ ರಾಮನ್ ಟೆಕ್ ವಿರುದ್ಧ ಸೋಲಂಕಿ ಟ್ರೇಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಸ್ಪಷ್ಟ ಮಾಡಿದೆ. ಲೀನ್ ಇಲ್ಲದ ಕೊರತೆಯನ್ನ ಈ ಬಾಗಿಲಿನಿಂದ ತುಂಬಿಕೊಳ್ಳಲು ಆಗಲ್ಲ. ‘ಮಾರ್ತಾನಂತ’ ಅನ್ನೋ ಗಾಳಿಮಾತು ಸಾಲದು. ಮಾರಾಟದ ಜಾಹೀರಾತು, ಹೊಸ ಕರಾರು, ಹೊಸ ಇಸಿಯಂಥ ಆಧಾರ ಬೇಕು.

ಕೋರ್ಟ್ ಜಪ್ತಿ ಆದೇಶ ಮಾಡಿದ ಮೇಲೆ ಖಾಸಗಿಯಾಗಿ ಮಾರಿದರೆ ಆ ಮಾರಾಟ ನಿಮ್ಮ ಕ್ಲೇಮಿನ ಮಟ್ಟಿಗೆ ಅಸಿಂಧು. ಸಾಲಗಾರರಿಗೆ ಮೋಸ ಮಾಡಲೆಂದೇ ಹೆಂಡತಿ, ತಮ್ಮನ ಹೆಸರಿಗೆ ಆಸ್ತಿ ಬರೆದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ಅದನ್ನೂ ಪ್ರಶ್ನಿಸಬಹುದು.

ಡಿಕ್ರಿ ಆದ ಮೇಲೆ ಅಮಲ್ಜಾರಿ ಅರ್ಜಿ, ಜಪ್ತಿ, ಹರಾಜು. ಡಿಕ್ರಿಗೆ 12 ವರ್ಷ ಜೀವ. ಆದರೆ ದೇವದುರ್ಗ, ಮಾನ್ವಿ ಹಳ್ಳಿಗಳಲ್ಲಿ ಕೆಲಸ ಮಾಡುವವರು ಒಂದು ಮಾತು ನೆನಪಿಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ, ಕೃಷಿಕ ಅಥವಾ ಕೂಲಿಕಾರ ಸ್ವತಃ ವಾಸವಿರುವ ಮನೆಯನ್ನ ಹಣದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. ಅಂದ್ರೆ ರೈತನ ಮನೆ ಕಟ್ಟಿದ ಗುತ್ತೇದಾರ, ಆ ಮನೆ ಹರಾಜಾಗಿ ತನ್ನ ಬಾಕಿ ಬರುತ್ತೆ ಅಂತ ಲೆಕ್ಕ ಹಾಕುವಂತಿಲ್ಲ. ಬೇರೆ ಆಸ್ತಿ ತೋರಿಸಬೇಕಾಗುತ್ತೆ.

ಚೆಕ್ ಇದ್ದರೆ ದಿನ ಎಣಿಸಿ

ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ ಕ್ರಿಮಿನಲ್ ದೂರು. ದಿನಗಳ ಲೆಕ್ಕ ಹೀಗಿದೆ:

• ಚೆಕ್ ಮೇಲಿನ ತಾರೀಕಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು.

• ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್.

• ನೋಟಿಸ್ ತಲುಪಿದ ಮೇಲೆ ರೊಕ್ಕ ಕೊಡಲು 15 ದಿನ.

• ಆಗಲೂ ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ಅಪರಾಧ ಸಾಬೀತಾದರೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಕೇಸ್ ನಡೆಯುವಾಗಲೇ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ನಿಮ್ಮ ಖಾತೆ ಮಾನ್ವಿ ಶಾಖೆಯಲ್ಲಿದ್ದು, ಚೆಕ್ಕನ್ನ ಆ ಖಾತೆಗೆ ಹಾಕಿದ್ದರೆ ದೂರು ಮಾನ್ವಿಯಲ್ಲೇ. ಚೆಕ್ ಕೊಟ್ಟವರ ಊರಿಗೆ ಅಲೆಯಬೇಕಿಲ್ಲ.

ಸೆಕ್ಯೂರಿಟಿ ಚೆಕ್ ಇಟ್ಟುಕೊಂಡವರು ಹುಷಾರು. ಚೆಕ್ ಪಡೆದ ಮೇಲೆ ಒಂದಿಷ್ಟು ರೊಕ್ಕ ಬಂದಿದ್ದರೆ, ಅದನ್ನ ಚೆಕ್ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕಿದರೆ 138 ಕೇಸ್ ನಿಲ್ಲಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉದ್ಯಮ್ ನೋಂದಣಿ: ಯಾರಿಗೆ ಲಾಭ?

2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅತಿ ಸಣ್ಣ, ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಒಪ್ಪಿದ ದಿನದೊಳಗೆ ಪಾವತಿ ಮಾಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನ ಸೌಲಭ್ಯ ಮಂಡಳಿಗೆ ಆನ್‌ಲೈನ್‌ನಲ್ಲೇ ಕೊಡಬಹುದು.

ಗ್ರಿಲ್ ತಯಾರಿಸುವವರು, ಸಿಮೆಂಟ್ ಬ್ಲಾಕ್ ಘಟಕದವರು, ಫ್ಯಾಬ್ರಿಕೇಷನ್ ಘಟಕದವರಿಗೆ ಇದು ಒಳ್ಳೆ ಅಸ್ತ್ರ. ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿದ್ದರೆ ನಿಮ್ಮ ವಾದ ಗಟ್ಟಿ. ಆದರೆ ಸಾಮಾನು ಸೇರಿದ ಪೂರ್ತಿ ಕಟ್ಟಡ ಗುತ್ತಿಗೆ ಇದರಡಿ ಬರಲ್ಲ ಅಂತ ಕೆಲವು ಹೈಕೋರ್ಟ್‌ಗಳು ಹೇಳಿವೆ. ಇನ್ನು, ತಂದು ಮಾರುವ ಅಂಗಡಿಯವರಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತೆ, ಆದರೆ ಅದರ ಲಾಭ ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕಷ್ಟೇ. ಉದ್ರಿ ವಸೂಲಿಗೆ ಬರಲ್ಲ.

ಸರ್ಕಾರಿ ಕೆಲಸ: ಕಾರ್ಯಾದೇಶ ಇಲ್ಲದೆ ಗುದ್ದಲಿ ಹಾಕಬೇಡಿ

‘ನೀ ಕೆಲಸ ಮಾಡು, ಬಿಲ್ ಆಮ್ಯಾಲೆ ಮಾಡಿಸೋಣು’ ಅನ್ನೋ ಮಾತು ನಂಬಿ ಸಿಸಿ ರಸ್ತೆ, ಚರಂಡಿ ಮಾಡಿಕೊಟ್ಟವರ ಪಾಡು ಇನ್ನೂ ಕಷ್ಟ. ಸಂವಿಧಾನದ 299ನೇ ವಿಧಿ ಪ್ರಕಾರ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಲ್ಲಿ, ಅಧಿಕಾರ ಇರುವವರ ಸಹಿಯಲ್ಲಿ ಆಗಬೇಕು. ಎಂಜಿನಿಯರ್ ಅಥವಾ ಸದಸ್ಯರ ಬಾಯಿ ಮಾತು ಕರಾರಾಗಲ್ಲ.

2022ರ ಏಪ್ರಿಲ್ 12ರಂದು ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ ಉಡುಪಿಯ ಲಾಡ್ಜ್‌ನಲ್ಲಿ ಶವವಾಗಿ ಪತ್ತೆಯಾದರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂ. ಕೆಲಸ ಮಾಡಿದ್ದು, ಬಿಲ್ ಆಗಿಲ್ಲ ಅನ್ನೋದು ಅವರ ದೂರಾಗಿತ್ತು. ಆ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ ಅನ್ನೋದು ಇಲಾಖೆಯ ವಾದವಾಗಿತ್ತು. ಅಂದಿನ ಸಚಿವರ ಮೇಲಿದ್ದ ಆರೋಪಕ್ಕೆ ಸಾಕ್ಷ್ಯ ಇಲ್ಲ ಅಂತ ಪೊಲೀಸರು ನಂತರ ಬಿ ರಿಪೋರ್ಟ್ ಸಲ್ಲಿಸಿದರು. ಒಂದು ಕಾಗದ ಇದೆಯೋ ಇಲ್ಲವೋ ಅನ್ನೋದು ಎಷ್ಟು ದೊಡ್ಡ ಪ್ರಶ್ನೆ ಅನ್ನೋದಕ್ಕೆ ಇಡೀ ರಾಜ್ಯ ನೋಡಿದ ಪ್ರಕರಣ ಇದು.

ಹಾಗಂತ ಕಾರ್ಯಾದೇಶ ಇಲ್ಲದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬಂಗಾಳದಲ್ಲಿ 1944ರಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಗುತ್ತೇದಾರ ಸಂಸ್ಥೆ ಅಧಿಕಾರಿಗಳ ಮಾತಿನ ಮೇಲೆ ಸರ್ಕಾರಕ್ಕೆ ಶೆಡ್, ಕಚೇರಿ, ಕಚ್ಚಾ ರಸ್ತೆ ಮಾಡಿಕೊಟ್ಟಿತ್ತು. ಕ್ರಮಬದ್ಧ ಕರಾರು ಇರಲಿಲ್ಲ. ಆದರೆ ಸರ್ಕಾರ ಆ ಕಟ್ಟಡ ಬಳಸಿದೆ, ಆದ್ದರಿಂದ 70ನೇ ಕಲಂ ಅಡಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1961ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಗಮನಿಸಿ, 1944ರ ಕೆಲಸಕ್ಕೆ ಕೊನೆ ಮಾತು ಬಂದದ್ದು 17 ವರ್ಷದ ಮೇಲೆ.

ಕೆಲಸ ಮಾಡುವವರು ಕಾರ್ಯಾದೇಶದ ಪ್ರತಿ, ಎಂಬಿ ಪುಸ್ತಕದ ನಮೂದು, ಕೆಲಸದ ಫೋಟೊ ಇಟ್ಟುಕೊಳ್ಳಿ. ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಅಡಿ 2 ತಿಂಗಳ ನೋಟಿಸ್ ಕೊಡಬೇಕು.

ಬಾಕಿ, ಸಾಲದ ಒತ್ತಡದಿಂದ ದಿಕ್ಕು ತೋಚದಂತಾಗಿದ್ದರೆ ಒಬ್ಬರೇ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಕಡಿಮೆ ಖರ್ಚಿನ ದಾರಿ: ಲೋಕ ಅದಾಲತ್

ಬಾಕಿ 40–50 ಸಾವಿರ ಇದ್ದವರು ಕೋರ್ಟ್ ಖರ್ಚಿಗೆ ಹೆದರುತ್ತಾರೆ. ಅಂಥವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೇಳಬಹುದು. ಶುಲ್ಕ ಇಲ್ಲ. ಇಬ್ಬರೂ ಒಪ್ಪಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಆದರೆ ಎದುರಿನವರು ಒಪ್ಪದಿದ್ದರೆ ರಾಜಿ ಆಗಲ್ಲ, ಮತ್ತೆ ದಾವೆಯೇ ದಾರಿ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯ ಇರುವವರಿಗೆ ಉಚಿತ ವಕೀಲರ ನೆರವೂ ಇದೆ. ಕಾನೂನು ನೆರವಿನ ಸಹಾಯವಾಣಿ: 15100.

ಮಾಲೀಕರಿಗೂ ಒಂದು ಮಾತು

ಎಲ್ಲ ಬಾಕಿಯೂ ಮೋಸ ಅಲ್ಲ. ಸ್ಲ್ಯಾಬ್ ಸೋರಿದರೆ, ಗೋಡೆ ಬಿರುಕು ಬಿಟ್ಟರೆ ಅದರ ರಿಪೇರಿ ಖರ್ಚು ಕಡಿದುಕೊಳ್ಳುವ ವಾದ ಮಾಲೀಕರಿಗೂ ಇದೆ. ಆದರೆ ತಕರಾರನ್ನ ಆಗಲೇ ಬರೆದು ತಿಳಿಸಿ, ಸರಿಪಡಿಸಲು ಅವಕಾಶ ಕೊಡಿ. 10 ಸಾವಿರದ ರಿಪೇರಿಗೆ 2 ಲಕ್ಷ ತಡೆಹಿಡಿದರೆ ಕೋರ್ಟಿನಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗಬಹುದು.

ಇವತ್ತೇ ಮಾಡಬೇಕಾದ ಕೆಲಸ

ಬಾಕಿ ಇರುವ ಎಲ್ಲ ಕೆಲಸದ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಕೆಲಸ ಮುಗಿದ ತಾರೀಕು, ಕೊನೆ ರೊಕ್ಕ ಬಂದ ತಾರೀಕು ಬರೆಯಿರಿ. ಎರಡು ವರ್ಷ ದಾಟಿದ ಬಾಕಿಗಳಿಗೆ ಸುತ್ತು ಹಾಕಿ. ಅವುಗಳಿಗೆ ಈ ತಿಂಗಳೇ ಸಹಿ ತಗೊಳ್ಳಿ, ಸಹಿ ಕೊಡದಿದ್ದರೆ ವಕೀಲರನ್ನ ಕಾಣಿರಿ. ಹೊಸ ಕೆಲಸಕ್ಕೆ ಮಾತ್ರ ಕರಾರು ಇಲ್ಲದೆ ಪಾಯ ತೋಡಬೇಡಿ. ಗೋಡೆ ಎದ್ದ ಮೇಲೆ ಅದು ಮಾಲೀಕರದು. ನಿಮ್ಮ ಕೈಯಲ್ಲಿ ಉಳಿಯೋದು ಆ ಕಾಗದ ಒಂದೇ.

(ಸೂಚನೆ: ಇದು ಸಾಮಾನ್ಯ ಮಾಹಿತಿ. ನಿಮ್ಮ ಪ್ರಕರಣಕ್ಕೆ ಕಾಗದಪತ್ರಗಳ ಸಮೇತ ವಕೀಲರನ್ನ ಅಥವಾ ಕಾನೂನು ಸೇವಾ ಸಮಿತಿಯನ್ನ ಸಂಪರ್ಕಿಸಿ.)